ಮಂಜಮ್ಮನ ಥರದೋರಾ ನೀವು?

ನಮ್ಮ ಊರುಗಳಲ್ಲಿ ಹೀರೋ ಅಂದರೆ ಆಟೋ ಸ್ಟ್ಯಾಂಡಿನ ಬೋರ್ಡಿನ ಮೇಲೆ ಖಾಕಿ ಹಾಕಿಕೊಂಡು ನಿಂತಿರುವ ಶಂಕರ್‌ನಾಗ್. ಅಪ್ಪಂದಿರಿಗೆ ರಾಜ್‌ಕುಮಾರ್. ಬೆಂಗಳೂರಿಗೆ ಬಂದಮೇಲೆ ರಾಜಾಜಿನಗರದಲ್ಲಿ ಅವರ ಹೆಸರಿನದೇ ಒಂದು ದೊಡ್ಡ ರಸ್ತೆ ನೋಡಿ ಊರಿಗೆ ಫೋನ್ ಮಾಡಿ ಹೇಳಿದವರು ನಾವು. ಈ ಬರಹ ಬೇರೆ ಥರದ ಹೀರೋಗಳ ಬಗ್ಗೆ. ಇವರಿಗೆ ಅಭಿಮಾನಿ ಸಂಘ ಇಲ್ಲ. ಇವರ ಫೋಟೋವನ್ನು ನಮ್ಮಲ್ಲಿ ಕೆಲವರು ಫೋನಿನಲ್ಲಿ ಇಟ್ಟುಕೊಂಡಿದ್ದಾರೆ, ಆದರೆ ಸ್ಟೇಟಸ್ ಹಾಕುವುದಿಲ್ಲ. ಹಾಕಿದರೆ ಊರಿನಲ್ಲಿ ಯಾರಾದರೂ ಯಾಕೆ ಎಂದು ಕೇಳುತ್ತಾರೆ.

ನಾವು ಐವರು. ಪತ್ರಿಕೋದ್ಯಮ ಓದಿ ಬೆಂಗಳೂರಿನ ಪಶ್ಚಿಮದ ಮೂಲೆಗೆ ಬಂದು ಸೇರಿದವರು. ಮೂವರು ಹುಡುಗರು ವಿಜಯನಗರದ ಹಂಪಿನಗರದಲ್ಲಿ ಮಹಡಿ ಮೇಲಿನ ಶೀಟಿನ ಮನೆಯಲ್ಲಿದ್ದೇವೆ. ಇಬ್ಬರು ಹುಡುಗಿಯರು ಬಸವೇಶ್ವರನಗರದ ಪೀಜಿಯಲ್ಲಿ. ನಮ್ಮಲ್ಲಿ ಕೆಲವರು ಎಲ್‌ಜಿಬಿಟಿ ಎಂದು ಕರೆಯುವ ಗುಂಪಿನವರು. ಈ ಪದವನ್ನು ರೀಲ್ಸ್‌ನಲ್ಲಿ ಕೇಳಿರುತ್ತೀರಿ, ಸಲೀಸಾಗಿ ಹೇಳುತ್ತೇವೆ. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಇಬ್ಬರನ್ನೂ ಪ್ರೀತಿಸಬಲ್ಲವರು, ಹುಟ್ಟಿದಾಗ ಸೂಲಗಿತ್ತಿ ಗಂಡು ಎಂದದ್ದು ಒಳಗಿನಿಂದ ಹೆಣ್ಣಾಗಿಯೋ, ಹೆಣ್ಣು ಎಂದದ್ದು ಗಂಡಾಗಿಯೋ ಬೆಳೆದವರು. ಕನ್ನಡದ ಪತ್ರಿಕೆಗಳು ಲಿಂಗತ್ವ ಅಲ್ಪಸಂಖ್ಯಾತರು ಎಂದು ಬರೆಯುತ್ತವೆ. ನಮ್ಮ ಐವರಲ್ಲಿ ಯಾರು ಯಾರು, ಎಷ್ಟು ಮಂದಿ ಎಂದು ಹೇಳುವುದಿಲ್ಲ. ಹೆಸರು ಹಾಕದೆ 'ನಾವು' ಎಂದು ಬರೆಯುತ್ತಿರುವುದೇ ಅದಕ್ಕೆ. ಇದನ್ನು ಓದುವ ನಿಮ್ಮಲ್ಲಿ ನಮ್ಮ ಅವ್ವಂದಿರೂ ಇರಬಹುದು.

ಶಾಲೆಯಲ್ಲಿ ಹಾಜರಿ ಕರೆಯುವಾಗ ಒಂಬತ್ತನೇ ನಂಬರು ಬಂದರೆ ಕ್ಲಾಸೆಲ್ಲ ನಗುತ್ತಿತ್ತಲ್ಲ, ನಿಮಗೂ ನೆನಪಿರಬೇಕು. ಆ ನಂಬರು ಬಿದ್ದವನು 'ಹಾಜರ್ ಸಾರ್' ಎನ್ನಲೂ ನಾಚುತ್ತಿದ್ದ. ನಮ್ಮಲ್ಲೊಬ್ಬರಿಗೆ ಹೈಸ್ಕೂಲಿನ ಒಂದು ವರ್ಷ ಅದೇ ನಂಬರು ಬಿದ್ದಿತ್ತು. ಹುಡುಗರಿಗೆ ಅದೊಂದು ತಮಾಷೆ. ಆದರೆ ನಿಜವಾಗಿಯೂ ಹಾಗಿರುವ ಮಗುವಿಗೆ ತನ್ನ ಬಗ್ಗೆ ಊರಿನಲ್ಲಿ ಸಿಗುತ್ತಿದ್ದದ್ದು ಆ ಒಂದೇ ಪದ. ಸಿನಿಮಾದಲ್ಲಿ ಹುಡುಕಿದರೆ ಸೊಂಟ ತಿರುಗಿಸಿ ನಗಿಸಿ ಹೋಗುವ ಪಾತ್ರ. ಬೈಗುಳ ಬಿಟ್ಟರೆ ಬೇರೆ ಹೆಸರೇ ಇಲ್ಲದ ವಿಷಯವನ್ನು ಮನೆಯಲ್ಲಿ ಮಾತಾಡುವುದು ಹೇಗೆ? ಹೀರೋ ಬೇಕಾಗುವುದು ಇಲ್ಲಿ. ಸ್ಫೂರ್ತಿ ಗೀರ್ತಿ ಆಮೇಲೆ. ಮೊದಲು ಬೇಕಾದದ್ದು, ಅವ್ವನ ಎದುರು ಬಾಯಿಬಿಟ್ಟು ಹೇಳಬಹುದಾದ ಒಂದು ಹೆಸರು.

ಅಂಥ ಹೆಸರು ನಮ್ಮ ಹಳ್ಳಿಗಳಿಗೆ ಬಂದದ್ದು 2021ರ ನವೆಂಬರ್ 9ರಂದು, ಫೋನಿನಲ್ಲಿ. ಅಂದು ರಾಷ್ಟ್ರಪತಿ ಭವನದಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಂಡರು. ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಹತ್ತಿರ ಹೋಗಿ, ಪ್ರಶಸ್ತಿಗೆ ಕೈಚಾಚುವ ಮೊದಲು ಸೆರಗು ಹಿಡಿದು ಅವರಿಗೆ ದೃಷ್ಟಿ ತೆಗೆದರು. ಸಭೆ ಚಪ್ಪಾಳೆ ಹೊಡೆಯಿತು. ಆ ವಿಡಿಯೋ ನೀವೂ ನೋಡಿರುತ್ತೀರಿ. ನಮ್ಮ ಊರುಗಳ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಬಂದಿತ್ತು, ಹಾಲಿನ ಡೇರಿಯ ಗುಂಪಿಗೂ. ದೃಷ್ಟಿ ತೆಗೆಯುವುದು ಏನೆಂದು ನಮ್ಮ ಅವ್ವಂದಿರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೇಶದ ದೊಡ್ಡ ಮನುಷ್ಯನಿಗೆ, ಸ್ವಂತ ಮಗನಿಗೆ ಮಾಡುವ ಹಾಗೆ, ಒಬ್ಬ ಹೆಂಗಸು ದೃಷ್ಟಿ ತೆಗೆದಳು ಎಂದು ನೋಡಿದರು. ಆಮೇಲೆ ಆಕೆ ಯಾರೆಂದು ಕೇಳಿದರು.

ಆಕೆ ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜುನಾಥ ಶೆಟ್ಟಿ. ಹದಿಹರೆಯಕ್ಕೆ ಬರುವಷ್ಟರಲ್ಲಿ ತಾನು ಹೆಣ್ಣು ಎಂಬುದು ಗೊತ್ತಾಯಿತು. ಮನೆಯವರು ಹುಲಿಗೆಮ್ಮನ ಸನ್ನಿಧಿಗೆ ಕರೆದುಕೊಂಡು ಹೋಗಿ ಮುತ್ತು ಕಟ್ಟಿಸಿದರು. ಉತ್ತರ ಕರ್ನಾಟಕದಲ್ಲಿ ಹೀಗೆ ದೇವಿಗೆ ಬಿಟ್ಟವರನ್ನು ಜೋಗತಿ, ಜೋಗಪ್ಪ ಎನ್ನುತ್ತಾರೆ. ಅಲ್ಲಿಂದಾಚೆಗೆ ಮನೆ ಇಲ್ಲ. ಭಿಕ್ಷೆ ಬೇಡಿದರು, ವಿಷ ಕುಡಿದರು, ಬದುಕಿದರು, ದಾರಿಯಲ್ಲಿ ಗಂಡಸರ ಕೈಗೆ ಸಿಕ್ಕು ಹಿಂಸೆ ಪಟ್ಟರು. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ದಾವಣಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಅಪ್ಪ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದನ್ನು ನೋಡಿ ಅವರ ಬೆನ್ನು ಬಿದ್ದು ಕಲಿತರು. ಆಮೇಲೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಮೇಳ ಸೇರಿದರು, ಕಾಳವ್ವನ ನಂತರ ಆ ಮೇಳವನ್ನು ನಡೆಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅವರು ಇರುವುದು ಮರಿಯಮ್ಮನಹಳ್ಳಿಯಲ್ಲಿ, ಅಂದರೆ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆ. ನಾವಿರುವುದು ಬೆಂಗಳೂರಿನ ವಿಜಯನಗರ. ಹೆಸರೊಂದೇ ಎಂದು ನಾವು ಸುಮ್ಮನೆ ಖುಷಿಪಡುತ್ತೇವೆ.

ಈಗ ನಮ್ಮ ಅಕ್ಕನ ವಿಷಯ. ಎರಡು ವರ್ಷದ ಹಿಂದೆ ಹುಡುಗರು ಕೆಂಗೇರಿ ಉಪನಗರದಲ್ಲಿ ಬಾಡಿಗೆಗಿದ್ದರು. ಅದೇ ವಠಾರದ ಕೆಳಗಿನ ಒಂಟಿ ರೂಮಿನಲ್ಲಿ ಒಬ್ಬ ಟ್ರಾನ್ಸ್‌ಜೆಂಡರ್ ಅಕ್ಕ ಇದ್ದರು. ನಮಗಿಂತ ಸಣ್ಣ ರೂಮು, ನಮಗಿಂತ ಸಾವಿರ ರೂಪಾಯಿ ಜಾಸ್ತಿ ಬಾಡಿಗೆ. ಯಾಕೆ ಎಂದು ಕೇಳಿದರೆ, "ನಂಗೆ ಮನೆ ಕೊಟ್ಟಿರೋದೇ ಜಾಸ್ತಿ ಅಂತೆ, ಅದುಕ್ಕೆ ಅದೂ ಜಾಸ್ತಿ" ಎಂದು ನಗುತ್ತಿದ್ದರು. ಮೊದಲು ಮೈಸೂರು ರಸ್ತೆಯ ಸಿಗ್ನಲ್ಲುಗಳಲ್ಲಿ ಕೈಚಾಚುತ್ತಿದ್ದವರು. ಆಗ ಒಂದು ಚಪಾತಿ ಅಂಗಡಿಯಲ್ಲಿ ಬೆಳಗಿನ ಜಾವದಿಂದ ಲಟ್ಟಿಸುವ ಕೆಲಸ ಹಿಡಿದಿದ್ದರು. ಹೆಸರು ಹಾಕಲಾ ಎಂದು ಈ ಬರಹಕ್ಕಾಗಿ ಕೇಳಿದೆವು. "ಬೇಡಪ್ಪ, ಇರೋ ಮನೆನೂ ಬಿಡಿಸ್ಬಿಟ್ಟಾರು" ಎಂದರು.

ಗೌರಿ ಗಣೇಶ ಹಬ್ಬದ ಹಿಂದಿನ ವಾರ ಮೂವರಲ್ಲಿ ಒಬ್ಬರಿಗೆ ಜ್ವರ ಬಂತು. ಉಳಿದಿಬ್ಬರು ಹಬ್ಬಕ್ಕೆ ಊರಿಗೆ ಹೋಗಿಯಾಗಿತ್ತು. ಬಾಗಿಲು ಬಡಿದು ನೋಡಿದ್ದು ಆ ಅಕ್ಕ. ಅವರಿಗೆ ಹಬ್ಬಕ್ಕೆ ಹೋಗಲು ಊರಿರಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದರು. ಡೆಂಗಿ, ಪ್ಲೇಟ್‌ಲೆಟ್ ಇಳಿದಿತ್ತು. ಅಡ್ಮಿಶನ್ ಫಾರಂನಲ್ಲಿ ರೋಗಿಗೂ ಅಟೆಂಡರ್‌ಗೂ ಏನು ಸಂಬಂಧ ಎಂಬ ಜಾಗದಲ್ಲಿ 'ಅಕ್ಕ' ಎಂದು ಬರೆದರು. ಕೌಂಟರಿನವರು ಒಮ್ಮೆ ಮುಖ ನೋಡಿದರಂತೆ, ಒಮ್ಮೆ ಫಾರಂ ನೋಡಿದರಂತೆ. ಅಕ್ಕ ಪೆನ್ನು ವಾಪಸು ಕೊಟ್ಟು ಕುರ್ಚಿಯಲ್ಲಿ ಕೂತರು. ಎರಡು ರಾತ್ರಿ ಕೂತರು. ಆ ಎರಡು ದಿನದ ಕೂಲಿಯೂ ಹೋಯಿತು.

ಮಾರನೇ ದಿನ ಅವ್ವ ಊರಿಂದ ಬಂದು ಕೆಂಗೇರಿಯಲ್ಲಿ ಬಸ್ಸಿಳಿದು ಕೇಳಿಕೊಂಡು ಕೇಳಿಕೊಂಡು ಆಸ್ಪತ್ರೆಗೆ ಬಂದರು. ಮಗನ ಮಂಚದ ಪಕ್ಕ ಅಕ್ಕ ಕೂತಿದ್ದಾರೆ. ಮಲಗಿದ್ದವರಿಗೆ ಜ್ವರಕ್ಕಿಂತ ಜಾಸ್ತಿ ಹೆದರಿಕೆ. ಅವ್ವ ಏನಾದರೂ ಅಂದುಬಿಟ್ಟರೆ? ಅವ್ವ ಸ್ವಲ್ಪ ಹೊತ್ತು ಅಕ್ಕನನ್ನೇ ನೋಡಿದರು. ಕೈ ನೋಡಿದರು, ಗಂಟಲು ನೋಡಿದರು. ಆಮೇಲೆ ಕೇಳಿದರು:

"ಟೀವೀಲಿ ಬಂದಿದ್ರಲ್ಲ, ಸೆರಗಲ್ಲಿ ದೃಷ್ಟಿ ತಗುದ್ರಲ್ಲ, ಆ ಮಂಜಮ್ಮನ ಥರದೋರಾ ನೀವು?"

ಅಕ್ಕ ಹೇಳಿದರು: "ಅದೇ ಥರದೋಳೇ ಕಣಮ್ಮ. ಅವ್ರಿಗೆ ಕುಣಿಯಕ್ಕೆ ಬತ್ತದೆ, ನಂಗೆ ಬರಕ್ಕಿಲ್ಲ. ನಂಗೆ ಬರೋದು ಚಪಾತಿ ಲಟ್ಟಿಸೋದು."

ಅವ್ವ ನಕ್ಕರು. ಸಂಜೆ ಹೊತ್ತಿಗೆ ಇಬ್ಬರೂ ಪರಂಗಿ ಎಲೆ ರಸ ಕೊಡಬೇಕೋ ಬೇಡವೋ ಎಂದು ವಾದ ಮಾಡುತ್ತಿದ್ದರು, ನರ್ಸ್ ಬಂದು ಇಬ್ಬರಿಗೂ ಬೈದರು. ಡಿಸ್ಚಾರ್ಜ್ ಆದ ದಿನ ಅವ್ವ ಕೈಚೀಲದಿಂದ ಒಂದು ರವಿಕೆ ಕಣ, ಅರಿಶಿನ ಕುಂಕುಮದ ಪೊಟ್ಟಣ, ಇನ್ನೂರು ರೂಪಾಯಿ ತೆಗೆದು ಅಕ್ಕನ ಕೈಗಿಟ್ಟರು. ರವಿಕೆ ಕಣ ಬೇರೆ ಯಾರಿಗೋ ಎಂದು ತಂದದ್ದು. "ಗೌರಿ ಹಬ್ಬದಲ್ಲಿ ಹೆಣ್ಮಕ್ಕಳಿಗೆ ಕೊಡಾದು ಕಣವ್ವ, ಬ್ಯಾಡ ಅನ್ನಬ್ಯಾಡ" ಎಂದರು. ತವರಿನಿಂದ ಹೆಣ್ಣುಮಕ್ಕಳಿಗೆ ಗೌರಿ ಹಬ್ಬದ ಬಾಗಿನ ಬರುವುದು ಎಂದರೆ ಏನು ಎಂದು ಹಳೇ ಮೈಸೂರಿನ ಕಡೆಯವರಿಗೆ ಗೊತ್ತು. ಅಕ್ಕ ಆ ಇನ್ನೂರು ರೂಪಾಯಿಯನ್ನು ಇನ್ನೂ ಖರ್ಚು ಮಾಡಿಲ್ಲ.

ಮಂಜಮ್ಮನವರು ಆ ಆಸ್ಪತ್ರೆಗೆ ಬಂದಿರಲಿಲ್ಲ, ನಮ್ಮ ಅಕ್ಕನನ್ನು ಕಂಡವರೂ ಅಲ್ಲ. ಆದರೆ ಅವ್ವನ ಬಾಯಿಗೆ ಬಂದ ಪದ ಒಂಬತ್ತು ಅಲ್ಲ, ಮಂಜಮ್ಮ. ಅಷ್ಟು ಕೆಲಸವನ್ನು ಅವರ ಹೆಸರು ದೂರದಿಂದಲೇ ಮಾಡಿತು.

ಆದರೂ ನಮಗೆ ಒಂದು ತಕರಾರು ಇದೆ. ಅದು ಮಂಜಮ್ಮನವರ ಮೇಲಲ್ಲ, ನಮ್ಮ ಜನ ಹೀರೋಗಳನ್ನು ಒಪ್ಪಿಕೊಳ್ಳುವ ರೀತಿಯ ಮೇಲೆ. ಪದ್ಮಶ್ರೀ ಬಂದಮೇಲೆ ಅಕ್ಕನಿಗೆ ಅಂಗಡಿಯಲ್ಲಿ ಸಿಕ್ಕವರೆಲ್ಲ "ನೀನೂ ಕುಣೀತೀಯಾ? ಹಾಡ್ತೀಯಾ?" ಎಂದು ಕೇಳುತ್ತಿದ್ದರಂತೆ. ಕುಣಿದರೆ, ಹರಸಿದರೆ, ದೇವಿಯ ಹೆಸರು ಹೇಳಿದರೆ ಗೌರವ. ಬಾಡಿಗೆಗೆ ಮನೆ ಕೇಳಿದರೆ ಮಾತ್ರ ಸಾವಿರ ರೂಪಾಯಿ ಜಾಸ್ತಿ. ದೇವಿಯ ಬಾಗಿಲಿನಿಂದ ಒಳಗೆ ಬಂದವರಿಗೆ ಊರು ಜಾಗ ಕೊಡುತ್ತದೆ. ಚಪಾತಿ ಲಟ್ಟಿಸುವವರಿಗೆ ಯಾವ ಬಾಗಿಲು?

ಅದಕ್ಕೇ ನಮಗೆ ಅಕ್ಕೈ ಪದ್ಮಶಾಲಿಯವರ ಮೇಲೆ ಇನ್ನೊಂದು ಥರದ ಅಭಿಮಾನ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, 'ಒಂದೆಡೆ' ಎಂಬ ಸಂಸ್ಥೆ ಕಟ್ಟಿದವರು, 2015ರ ರಾಜ್ಯೋತ್ಸವ ಪ್ರಶಸ್ತಿ ಪಡೆದವರು. ಅವರು ಆಶೀರ್ವಾದ ಮಾಡುವವರಲ್ಲ, ಹಕ್ಕು ಕೇಳುವವರು. ಮೈಕು ಹಿಡಿದರೆ ನಮ್ಮ ಊರಿನ ರೈತ ಸಂಘದವರ ಹಾಗೆ ಮಾತಾಡುತ್ತಾರೆ. ಅಂಥ ದನಿ ಯಾಕೆ ಬೇಕಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿದರು. ಈ ಸಮುದಾಯದ ಜನರಲ್ಲಿ ಯಾರ ಮೇಲಾದರೂ ಅನುಮಾನ ಇದ್ದರೆ ಅವರ ಹೆಸರು, ವಿಳಾಸವನ್ನು ಪೊಲೀಸರು ಪಟ್ಟಿ ಮಾಡಿ ಇಟ್ಟುಕೊಳ್ಳಬಹುದು ಎಂದು ಅದರಲ್ಲಿತ್ತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಅದೇ ಹಳೇ ಬುದ್ಧಿ. ಸಮುದಾಯದ ಸಂಘಟನೆಯವರು ಹೈಕೋರ್ಟಿಗೆ ಹೋದರು. 2016ರಲ್ಲಿ ಸರ್ಕಾರ ಕಲಮನ್ನು ತಿದ್ದಿ ಸಮುದಾಯವನ್ನು ಗುರಿ ಮಾಡಿದ್ದ ಪದವನ್ನು ತೆಗೆಯಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇ 1ರಷ್ಟು ಮೀಸಲಾತಿ ಬಂದದ್ದೂ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದಲೇ. ನಿಮ್ಮ ಊರಿನಲ್ಲಿ ಅಂಥ ಮಗು ಓದುತ್ತಿದ್ದರೆ ಈ ಒಂದು ಪರ್ಸೆಂಟಿನ ಮಾತನ್ನು ಕಿವಿಗೆ ಹಾಕಿ.

ತಮಿಳುನಾಡಿನ ಹಳ್ಳಿಯಿಂದ ಬಂದ ಎ. ರೇವತಿಯವರನ್ನೂ ಇಲ್ಲಿ ನೆನೆಯಬೇಕು. ಬೆಂಗಳೂರಿನ 'ಸಂಗಮ' ಸಂಸ್ಥೆಯಲ್ಲಿ ಆಫೀಸಿನ ಸಣ್ಣ ಕೆಲಸಕ್ಕೆ ಸೇರಿ ಅದರ ನಿರ್ದೇಶಕರಾಗುವವರೆಗೆ ಬೆಳೆದವರು. ಅವರ ಆತ್ಮಕಥೆಯನ್ನು ದು. ಸರಸ್ವತಿಯವರು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದಿದ್ದಾರೆ. 2019ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೇಲೆ ದೊಡ್ಡ ದೊಡ್ಡ ಲೇಖಕಿಯರ ಹೆಸರಿನ ಬ್ಯಾನರ್ ಕಟ್ಟಿದರು, ಅದರಲ್ಲಿ ಟೋನಿ ಮಾರಿಸನ್ ಜೊತೆಗೆ ರೇವತಿಯವರ ಹೆಸರೂ ಇತ್ತು. ಅಕ್ಕನಿಗೆ ಆ ಫೋಟೋ ತೋರಿಸಿದಾಗ ಅವರು ಕೇಳಿದ್ದು, "ಅಲ್ಲಿ ಬಾಡಿಗೆ ಎಷ್ಟಂತೆ?"

ನಮ್ಮ ಜೊತೆಯ ಹುಡುಗಿಯರ ಕಥೆ ಬೇರೆ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಊರಿನಲ್ಲಿ ಬೈಗುಳ ಕೂಡ ಇಲ್ಲ. ಅಂಥವರು ಇದ್ದಾರೆ ಎಂದೇ ಯಾರೂ ಅಂದುಕೊಂಡಿಲ್ಲ. ಇಬ್ಬರು ಹುಡುಗಿಯರು ಕೈಕೈ ಹಿಡಿದು ನಡೆದರೆ ಗೆಳತಿಯರು ಎಂದು ಬಿಡುತ್ತಾರೆ, ಮದುವೆಯ ಮಾತು ಬಂದಾಗ ಮಾತ್ರ ಬಾಗಿಲಿಗೆ ಚಿಲಕ ಬೀಳುತ್ತದೆ. ಬಸವೇಶ್ವರನಗರದ ಪೀಜಿಯ ಕಪಾಟಿನ ಒಳಬದಿಗೆ ಅಂಟಿಸಿರುವುದು ಓಟಗಾರ್ತಿ ದ್ಯುತಿ ಚಂದ್ ಚಿತ್ರ. ಒಡಿಶಾದ ಹಳ್ಳಿಯ ನೇಕಾರರ ಮನೆಯ ಮಗಳು. 2018ರ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್, 200 ಮೀಟರ್ ಎರಡರಲ್ಲೂ ಬೆಳ್ಳಿ. ಮರುವರ್ಷ, ತಾನು ತನ್ನ ಊರಿನದೇ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ ಎಂದು ದೇಶಕ್ಕೆಲ್ಲ ಕೇಳುವ ಹಾಗೆ ಹೇಳಿದಳು. ಮನೆಯವರು ಸಿಟ್ಟಾದರು, ಅವಳು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. 2023ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅವಳಿಗೆ ನಾಲ್ಕು ವರ್ಷ ನಿಷೇಧ ಬಿತ್ತು. ಚಿತ್ರ ತೆಗೀತೀಯಾ ಎಂದು ಕೇಳಿದೆವು. "ಅದರ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ. ಊರಿನ ಹುಡುಗಿ ಅಂತ ಹೇಳಿದ್ಲಲ್ಲ, ಅದಕ್ಕೆ ಅಂಟಿಸಿದ್ದು" ಎಂಬ ಉತ್ತರ ಬಂತು. ಚಿತ್ರ ಅಲ್ಲೇ ಇದೆ, ಕಪಾಟಿನ ಬಾಗಿಲು ತೆರೆದರೆ ಮಾತ್ರ ಕಾಣುತ್ತದೆ.

ಇನ್ನು ಗಂಡನ್ನು ಪ್ರೀತಿಸುವ ಗಂಡಿಗೆ? ಅವನು ಸೀರೆ ಉಡುವವನಲ್ಲ. ದೇವಿಗೆ ಬಿಟ್ಟವನೂ ಅಲ್ಲ. ಪ್ಯಾಂಟು ಶರ್ಟು ಹಾಕಿಕೊಂಡು ಮೆಟ್ರೋ ಹತ್ತಿ ಕೆಲಸಕ್ಕೆ ಹೋಗಿ ಬರುವವನು. ಊರಿಗೆ ಹೋದಾಗ "ಯಾವಾಗಪ್ಪ ಊಟ ಹಾಕ್ಸದು?" ಎಂದು ಕೇಳಿಸಿಕೊಳ್ಳುವವನು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇದು ಅಪರಾಧವಲ್ಲ ಎಂದು ಹೇಳಿತು. ಆದರೆ ಕೋರ್ಟಿನ ತೀರ್ಪನ್ನು ತೆಗೆದುಕೊಂಡು ಹೋಗಿ ಅವ್ವನ ಮುಂದೆ ಹಿಡಿಯಲು ಆಗುತ್ತದೆಯೇ? ಅವ್ವನಿಗೆ ಮಂಜಮ್ಮ ಗೊತ್ತು. ಮೋಹನಸ್ವಾಮಿ ಗೊತ್ತಿಲ್ಲ.

ಮೋಹನಸ್ವಾಮಿ ನಮಗೆ ಸಿಕ್ಕಿದ್ದು ಹಂಪಿನಗರದ ಗ್ರಂಥಾಲಯದಲ್ಲಿ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹಳ್ಳಿ ಹುಡುಗರಿಂದ ತುಂಬಿರುವ ಜಾಗ ಅದು. ಬೆಳಿಗ್ಗೆ ಬೇಗ ಹೋಗದಿದ್ದರೆ ಕುರ್ಚಿ ಸಿಗುವುದಿಲ್ಲ. ಅಲ್ಲಿ ಸಾಮಾನ್ಯ ಜ್ಞಾನದ ಪುಸ್ತಕದ ನಡುವೆ ಇಟ್ಟುಕೊಂಡು ನಮ್ಮಲ್ಲೊಬ್ಬರು ವಸುಧೇಂದ್ರರ 'ಮೋಹನಸ್ವಾಮಿ' ಓದಿ ಮುಗಿಸಿದ್ದು. 2013ರಲ್ಲಿ ಬಂದ ಕಥಾಸಂಕಲನ. ವಸುಧೇಂದ್ರ ಬಳ್ಳಾರಿ ಜಿಲ್ಲೆಯ ಸಂಡೂರಿನವರು, ಬೆಂಗಳೂರಿನಲ್ಲಿ ಬಹಳ ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರು, 'ಛಂದ ಪುಸ್ತಕ'ದ ಪ್ರಕಾಶಕರು. ಅಮ್ಮನ ಬಗ್ಗೆ, ಊರಿನ ಬಗ್ಗೆ ಬರೆದು ಅಷ್ಟು ಹೊತ್ತಿಗೆ ಮನೆಮನೆಯಲ್ಲೂ ಹೆಸರಾಗಿದ್ದವರು. ಅಂಥವರು ಕಳೆದುಕೊಳ್ಳಲು ಎಲ್ಲ ಇದ್ದೂ ಈ ಪುಸ್ತಕ ಬರೆದರು, ಇದು ನನ್ನದೇ ಬದುಕು ಎಂದರು. ಜೊತೆಗಿದ್ದ ಗೆಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಾಗ ಒಳಗೊಳಗೇ ಒಡೆದುಹೋಗುವ ಮೋಹನಸ್ವಾಮಿಯ ಸಂಕಟಕ್ಕೆ ಇಂಗ್ಲಿಷ್ ಬೇಕಾಗಿಲ್ಲ, ಅದು ಪೂರಾ ಕನ್ನಡದ್ದು, ಬಾಡಿಗೆ ಮನೆಯ ಅಡುಗೆಮನೆಯದ್ದು.

ನಮಗೆ ಇನ್ನೂ ಹತ್ತಿರವಾದದ್ದು ಆಮೇಲೆ ಗೊತ್ತಾದ ಒಂದು ಸಂಗತಿ. ಈ ಸಾಲಿನ ಮೊದಲ ಕಥೆಯನ್ನು ವಸುಧೇಂದ್ರ ಪತ್ರಿಕೆಯಲ್ಲಿ ಬೇರೆ ಹೆಸರಿನಲ್ಲಿ ಅಚ್ಚು ಹಾಕಿಸಿದ್ದರು. ಸ್ವಂತ ಹೆಸರು ಹಾಕಲು ಅವರಿಗೂ ಸಮಯ ಬೇಕಾಯಿತು. ಹೆಸರಿಲ್ಲದೆ 'ನಾವು' ಎಂದು ಬರೆಯುತ್ತಿರುವ ನಮಗೆ ಇದು ಎಷ್ಟು ಸಮಾಧಾನ ಎಂದು ಹೇಳಲಾರೆವು. ಹುಟ್ಟಾ ಧೈರ್ಯವಂತರನ್ನು ನೋಡಿದರೆ ಕೈಮುಗಿಯಬೇಕು ಎನಿಸುತ್ತದೆ. ಹೆದರಿ, ಅಡ್ಡಹೆಸರಿನಲ್ಲಿ ಬರೆದು, ಆಮೇಲೆ ಎದ್ದು ನಿಂತವರನ್ನು ನೋಡಿದರೆ ಪಕ್ಕದಲ್ಲಿ ಕೂರಬೇಕು ಎನಿಸುತ್ತದೆ.

ಕಳೆದ ದೀಪಾವಳಿಗೆ ನಮ್ಮಲ್ಲೊಬ್ಬರು ಊರಿಗೆ ಹೋಗುವಾಗ ಆ ಪುಸ್ತಕ ಕೊಂಡುಕೊಂಡು ಹೋದರು. ಕೈಗೆ ಕೊಡಲು ಆಗಲಿಲ್ಲ. ಟೀವಿ ಪಕ್ಕ, ಹಳೇ ಪಂಚಾಂಗದ ಮೇಲೆ ಇಟ್ಟು ಬಂದರು. ಆ ಮನೆಯ ಅವ್ವ ಏಳನೇ ಕ್ಲಾಸು ಓದಿದವರು. ಧಾರಾವಾಹಿಗಿಂತ ವಾರಪತ್ರಿಕೆಯ ಕಥೆ ಇಷ್ಟ. ಆಸ್ಪತ್ರೆಗೆ ಬಂದಿದ್ದ ಅವ್ವನೇ ಇವರೋ ಬೇರೆಯವರೋ ಎಂದು ಕೇಳಬೇಡಿ.

ಮೂರು ವಾರ ಫೋನಿನಲ್ಲಿ ಹಸು, ಮಳೆ, ಸಂಘದ ಸಾಲದ ಮಾತೇ ಆಯಿತು. ನಾಲ್ಕನೇ ವಾರ ಅವ್ವ ಎಂದರು: "ಆ ಪುಸ್ತಕ ಮಡಗೋಗಿದ್ದಲ್ಲ, ಅರ್ಧ ಆಯ್ತು. ಅಕ್ಸರ ಸಣ್ಣವು, ಕಣ್ಣು ಹಿಡಿಯಾಕಿಲ್ಲ. ಕನ್ನಡಕ ಬದಲಾಯಿಸ್ಬೇಕು. ಮುಂದಿನ ತಿಂಗಳು ಬತ್ತೀನಿ, ಕೆಂಗೇರೀಲಿ ಬಂದು ನಿಂತ್ಕೊ."